ಆರ್ಡಿಸ್ ಆರಿಸಿದ ತೋಟಾ

ಹಾಲ್ವರ್ ಕೋವಿಗೆ ತುಂಬುವ ಒಂದು ದೊಡ್ಡ, ಒಂದು ಚಿಕ್ಕ ತೋಟಾವನ್ನು ಮೇಜಿನ ಮೇಲೆ ನಿಲ್ಲಿಸಿ, "ಯಾವುದರ ಅಳತೆಗೆ ಕೋವಿ ನಳಿಗೆ ಕೊರೀಲಿ, ಹೇಳಮ್ಮ," ಎಂದು ಆರ್ಡಿಸಳನ್ನು ಕೇಳಿದ. ಮೊಂಟಾನಾದ ಆ ಊರಿನಲ್ಲಿ ಕೋವಿ ಕಟ್ಟುವವನು ಅವನೊಬ್ಬನೇ. ನೆಲದಳಿಲುಗಳು ಹುಲ್ಲುಗಾವಲಿನ ತುಂಬ ತೋಡಿದ ಬಿಲಗಳಲ್ಲಿ ಅವಳ ಕುದುರೆ ಕಾಲು ಉಳುಕಿಸಿಕೊಂಡ ಮೇಲೆ, ಅವಳಿಗೆ ತನ್ನದೇ ಒಂದು ಕೋವಿ ಬೇಕೆನಿಸಿತ್ತು.

"ದೊಡ್ಡದಕ್ಕೇ ಕೊರಿ," ಎಂದ ಅವಳ ಗಂಡ ಓರಿನ್. "ಈ ಟ್ವೆಂಟಿಟೂ-ಟೂಫಿಫ್ಟಿ ತೋಟಾದ ಗುಂಡು ಗಾಳಿಗೂ ಜಗ್ಗಲ್ಲ."

"ಚಿಕ್ಕದಾದ್ರೆ ಕೋವಿ ಭುಜಕ್ಕೆ ಒದೆಯೋದೇ ಇಲ್ಲ ಅನ್ನಬೇಕು," ಎಂದ ಹಾಲ್ವರ್. "ಕೋವಿ ಮೇಲಿನ ದುರ್ಬೀನು ಅಲುಗಲ್ಲ. ಗುಂಡು ತಾಗಿದ್ದು ನಿನ್ನ ಕಣ್ಣಿಗೇ ಕಾಣುತ್ತಮ್ಮ."

"ಅದನ್ನ ನೋಡಿ ಹೇಳೋಕೆ ನಾನಿಲ್ವಾ?" ಓರಿನ್ ಥಟ್ಟನೆ ಬಾಯಿ ಹಾಕಿದ.

ಆರ್ಡಿಸ್ ತಿರುಗಿ ನೋಡಿದಳು. ಗಂಡನ ಕಿವಿ ಕೆಂಪಾಗಿತ್ತು. ಮದುವೆಯಾದಾಗಿನಿಂದ ಇಬ್ಬರದೂ ಒಂದೇ ಪಂದ್ಯ: ಕಡಿಮೆ ಅಳಿಲು ಹೊಡೆದವರು ಭಾನುವಾರ ಪ್ಯಾನ್‌ಕೇಕ್ ಹುಯ್ಯಬೇಕು. ಅವಳು ಹೊಡೆದಾಗ ಅವನ ಹಳೆಯ ಕೋವಿ ಭುಜಕ್ಕೆ ಒದ್ದು ದುರ್ಬೀನು ಅಲುಗಿ, ಅಳಿಲು ಸತ್ತಿತೋ ಬಿಲ ಹೊಕ್ಕಿತೋ ಅವಳಿಗೆ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಅವನೇ ನೋಡಿ, "ಅಯ್ಯೋ, ಒಂಚೂರಲ್ಲಿ ತಪ್ಪಿತು ಕಣೇ," ಎನ್ನುತ್ತಿದ್ದ. ಪ್ರತಿ ಭಾನುವಾರವೂ ಒಲೆಯ ಮುಂದೆ ಅವಳೇ.

"ಓರಿನ್, ನಿಜ ಹೇಳು. ನೀನು ತಪ್ಪಿತು ಅಂದಿದ್ದೆಲ್ಲಾನೂ ತಪ್ಪಿತ್ತಾ?"

ಓರಿನ್ ಚಾವಣಿ ನೋಡಿದ. "ಎಲ್ಲಾನೂ ಅಂತಲ್ಲ... ನೀನು ಹುಯ್ಯೋ ಪ್ಯಾನ್‌ಕೇಕ್ ಎಷ್ಟು ಮೆತ್ತಗಿರುತ್ತೆ ಗೊತ್ತಾ?"

ಹಾಲ್ವರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆರ್ಡಿಸಳಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಚಿಕ್ಕ ತೋಟಾವನ್ನು ಹಾಲ್ವರನತ್ತ ಸರಿಸಿದಳು.

"ಇದಕ್ಕೇ ಕೊರಿಯಪ್ಪ. ಬೇಗ ಮುಗಿಸು, ಅಷ್ಟರಲ್ಲಿ ಇವನಿಗೆ ಹಿಟ್ಟು ಕಲಸೋದು ಹೇಳಿಕೊಡ್ತೀನಿ."