ಮುಂದಿನ ಚಕ್ರದ ಸದ್ದು

ಸ್ನಾನದ ಸೋಪಿನಲ್ಲಿ ಗ್ರೀಸಿನ ಕೈ ತೊಳೆಯುವಾಗ ಈಗಲೂ ನನಗೆ ದಸರಾ ರಜೆಯ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮ ಹಳೇ ಕಾರಿನ ಮುಂದಿನ ಚಕ್ರ ಟಕ್ ಟಕ್ ಎನ್ನುತ್ತಿತ್ತು. ಮಾರಿಬಿಡಿ ಎಂದಿದ್ದ ತೀರ್ಥಹಳ್ಳಿಯ ಮೆಕ್ಯಾನಿಕ್. ಆ ಸಿಟ್ಟಿಗೆ ಅಪ್ಪ ತಾವೇ ಅಂಗಳದಲ್ಲಿ ಸಸ್ಪೆನ್ಷನ್ ಬಿಚ್ಚಿಕೊಂಡು ಕೂತಿದ್ದರು. ಕೀಲಿನ ತೂತಿಗೆ ಹಾಕುವ ಹೊಸ ರಬ್ಬರ್ ಬುಷ್ ಎಷ್ಟು ಬಡಿದರೂ ಒಳಗೆ ಕೂರಲಿಲ್ಲ. ಅಪ್ಪನ ಹೆಬ್ಬೆರಳು ಜಜ್ಜಿಹೋಯಿತು.

“ಅನ್ನ ತಣ್ಣಗಾಯ್ತು, ಬನ್ರೀ,” ಎಂದಳು ಅಮ್ಮ.

“ಇದು ಕೂರೋ ತನ್ಕ ನಂಗೆ ಊಟ ಬ್ಯಾಡ ಮಾರಾಯ್ತಿ.”

ಅಮ್ಮ ಬಚ್ಚಲಿನಿಂದ ಸೋಪು ತಂದು ಬುಷ್‌ಗೆ ಸವರಿದಳು. ಅದು ಜಾರಿ ಒಳಗೆ ಕೂತಿತು.

ಸಂಜೆ ಮೂವರೂ ಕಾರು ಹತ್ತಿ ರಿಪ್ಪನ್‌ಪೇಟೆಯ ಕಡೆ ಹೊರಟೆವು. ಮೊದಲ ಹೊಂಡಕ್ಕೇ ಟಕ್ ಎಂದಿತು. ಅಪ್ಪನ ಮುಖ ಬಿಗಿಯಿತು. ರೇಡಿಯೊದಲ್ಲಿ ಅಡಿಕೆ ಧಾರಣೆ ಹೇಳುತ್ತಿದ್ದರು. ಅಮ್ಮ ಅದನ್ನು ಜೋರು ಮಾಡಿ ಕಿವಿಗೊಟ್ಟು ಕೇಳತೊಡಗಿದಳು.

ನಮಗೆ ಅಡಿಕೆ ತೋಟವೇ ಇರಲಿಲ್ಲ.