ಚಪ್ಪಾಳೆಯಿಲ್ಲದ ಸಮಾರೋಪ

ಲಸಿಕೆ ಹೊತ್ತ ಸೊಳ್ಳೆಗಳು ಬಂದ ಮೇಲೆ ಸುತ್ತಲಿನ ಊರುಗಳೆಲ್ಲ ಸೂಜಿಯನ್ನೇ ಮರೆತಿವೆ. ನಮ್ಮೂರಿಗೆ ಮಾತ್ರ ಅವು ಬಂದಿಲ್ಲ. ಆರ್‌ಎನ್‌ಎ ಲಸಿಕೆ ವಿಜ್ಞಾನಿಗಳು ಪ್ರತಿವರ್ಷ ಧಾರವಾಡದಲ್ಲಿ ನಡೆಸುವ ಸಮ್ಮೇಳನದ ಕೊನೆಯ ದಿನ ಊರಿನ ಪರವಾಗಿ ಒಬ್ಬರು ವೇದಿಕೆಯ ಮೇಲೆ ಸುಮ್ಮನೆ ಕೂತು ಕಚ್ಚಿಸಿಕೊಳ್ಳಬೇಕು. ಅದೇ ಊರಿನ ಒಪ್ಪಿಗೆ. ಹೋದ ವರ್ಷ ನಮ್ಮ ಪಂಚಾಯ್ತಿ ಚೇರ್ಮನ್ ಕಚ್ಚಲು ಕೂತ ಸೊಳ್ಳೆಯನ್ನು ಪಟ್ಟನೆ ಹೊಡೆದುಬಿಟ್ಟ; ಊರು ನಪಾಸಾಯಿತು. ಆ ಮಳೆಗಾಲದಲ್ಲಿ ನನ್ನ ತಮ್ಮ ಡೆಂಗಿಗೆ ಸತ್ತ. ಈ ಸಲ ನಾನೇ ಧಾರವಾಡಕ್ಕೆ ಬಂದೆ.

“ನಿಮ್ಮ ಕೈ ಸುಮ್ಮನ ಇದ್ದೀತೇನ್ರಿ? ನೊಣದ ಜೋಡಿನೂ ಜಗಳಾಡ್ತೀರಿ,” ಅಂದಳು ಹೆಂಡತಿ ಗುರವ್ವ, ನಾನು ವೇದಿಕೆ ಹತ್ತುವಾಗ.

“ಬಾಯಿ ಮುಚ್ಚಿಕೊಂಡು ನೋಡ.”

ವಿಜ್ಞಾನಿ ನಫೀಸಾ ಮೇಡಂ ಶೀಸೆಯ ಮುಚ್ಚಳ ತೆಗೆದರು. ಸೊಳ್ಳೆ ನನ್ನ ಎಡಗೈ ಮೇಲೆ ಕೂತು ಚುಚ್ಚಿತು. ಬಲಗೈ ತಾನಾಗಿ ಮೇಲೆದ್ದಿತು. ಹಲ್ಲು ಕಚ್ಚಿ ಅದನ್ನು ತೊಡೆಯ ಕೆಳಗೆ ತುರುಕಿ ಗಟ್ಟಿಯಾಗಿ ಕೂತೆ. ಕುಡಿ ತಾಯಿ, ಹೊಟ್ಟೆ ತುಂಬ ಕುಡಿ!

ಹೊಟ್ಟೆ ಕೆಂಪಗಾಗಿ ಅದು ಹಾರಿತು.

“ನಿಮ್ಮೂರು ಪಾಸಾತು, ಫಕೀರಪ್ಪಾರ!” ಅಂದರು ಮೇಡಂ.

ಮುಂದಿನ ಸಾಲಿನಲ್ಲಿದ್ದ ಚೇರ್ಮನ್ ಖುಷಿಗೆ ಎದ್ದುನಿಂತು ಚಪ್ಪಾಳೆ ತಟ್ಟಲು ಕೈ ಅಗಲಿಸಿದ. ಸೊಳ್ಳೆ ನೇರ ಆ ಕೈಗಳ ನಡುವೆಯೇ ಹೊರಟಿತ್ತು.

“ಕೈ ಹಂಗ ಹಿಡಿಯೋ ಚೇರ್ಮನ್ನಾ!” ಸಭೆ ಬೆಚ್ಚಿಬೀಳುವಂತೆ ಗದರಿದೆ. “ಅದು ಈಗ ನಮ್ಮೂರ ಸೊಳ್ಳಿ!”

ಗಾಳಿಯಲ್ಲೇ ನಿಂತ ಅವನ ಕೈಗಳ ನಡುವಿನಿಂದ ಅದು ಮಹಾರಾಣಿಯ ಹಾಗೆ ಹಾರಿಹೋಯಿತು.