ನುಂಗಿದ ದಾಳ

ಕಪ್ಪೆಕುಲದ ನೀಲವ್ವ ತನ್ನ ಪಡಸಾಲೆಯಲ್ಲಿ ಆಡುತ್ತಿದ್ದ ಮನುಷ್ಯರ ಹುಡುಗರಿಗೆ ಗಿರಮಿಟ್ ತಂದುಕೊಟ್ಟಳು. ಅವರ ಆಟದ ಹಲಗೆಯ ಮೇಲೆ ಈಟಿ ಹಿಡಿದ ಕಪ್ಪೆಮನುಷ್ಯನ ಗೊಂಬೆಯಿತ್ತು. ಮುಖ ಥೇಟ್ ಅವಳ ಸತ್ತ ಗಂಡನದ್ದೇ.

“ಇಂವ ಯಾರಪ್ಪಾ?”

“ರಾಕ್ಷಸ, ಆಯಿ. ಇವಕ್ಕ ಮಾತು ಬರೂದಿಲ್ಲ. ಕಂಡಲ್ಲೇ ಕಡೀಬೇಕು,” ಎಂದ ಆಟ ನಡೆಸುತ್ತಿದ್ದ ಬಸ್ಯಾ, ಬಾಯಿತುಂಬ ಅವಳದೇ ಗಿರಮಿಟ್ ತುಂಬಿಕೊಂಡು.

ಮೂಲೆಯ ಬಕೆಟ್ಟಿನಿಂದ ಬಾಲ ಇನ್ನೂ ಉದುರದ ಮೊಮ್ಮಗಳು ತಲೆ ಎತ್ತಿದಳು. “ಆಯಿ, ನಾವು ರಾಕ್ಷಸರೇನ?”

ನೀಲವ್ವನ ಗಂಟಲ ಚೀಲ ಹಂಡೆಯಷ್ಟು ಉಬ್ಬಿತು. ಬಸ್ಯಾ ದಾಳ ಎಸೆದ. ಅದು ಹಲಗೆ ಮುಟ್ಟುವ ಮೊದಲೇ ಅವಳು ಊರುದ್ದದ ನಾಲಿಗೆ ಚಾಚಿ ಗುಳುಕ್ಕನೆ ನುಂಗಿದಳು.

“ಆಯಿ, ನನ್ನ ದಾಳ...”

“ನಾಳೆ ಮುಂಜಾನೆ ಬಾ, ಸಿಗ್ತದ. ಈಗ ಪಾಳಿ ನಂದು. ಕುಂಡ್ರು, ಮಾತು ಬರದ ರಾಕ್ಷಸಿ ಮಾತಾಡ್ತಾಳ.”